ಕಲ್ನಾರು ಮುಟ್ಟುವ ಕೈಗೊಂದು ಚೀಟಿ

(ಒಂದು ಪಾಲಿಟೆಕ್ನಿಕ್‌ನ ವರ್ಕ್‌ಶಾಪಿನಲ್ಲಿ ಸಿವಿಲ್ ವಿಭಾಗದ ಹುಡುಗ ಹುಡುಗಿಯರು ಮತ್ತು ಒಂದಿಷ್ಟು ಸಣ್ಣ ಗುತ್ತಿಗೆದಾರರ ಎದುರು ಆಡಿದ ಮಾತುಗಳು. ಬರೆಯುವಾಗ ಪುನರುಕ್ತಿ ತೆಗೆದಿದ್ದೇನೆ. ಪ್ರಶ್ನೋತ್ತರದಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಶುರು ಮಾಡುವ ಮುಂಚೆ ಎಲ್ಲರೂ ಒಂದು ಸಲ ತಲೆ ಎತ್ತಿ ಮೇಲೆ ನೋಡಿ. ಕಬ್ಬಿಣದ ಟ್ರಸ್, ಅದರ ಮೇಲೆ ಬೂದು ಬಣ್ಣದ ಅಲೆ ಅಲೆ ಶೀಟು, ಎಡಗಡೆ ಮೂಲೆಯಲ್ಲಿ ಕೋತಿ ಹಾರಿ ಒಡೆದ ತೂತು, ಆ ತೂತಿಗೆ ಟಾರು ಬಳಿದ ಗೋಣಿ ತುಂಡು. ನಾವಿದನ್ನು ಸಿಮೆಂಟ್ ಶೀಟು ಅಂತೀವಿ. ಬೆಂಗಳೂರಿನಲ್ಲಿ ‘ಶೀಟ್ ಮನೆ ಬಾಡಿಗೆಗೆ’ ಅಂತ ಬೋರ್ಡು ಹಾಕಿದರೆ ಸಾಕು, ಬಾಡಿಗೆ ಎಷ್ಟಿರಬಹುದು, ಏಪ್ರಿಲ್ ಮಧ್ಯಾಹ್ನ ಒಳಗೆ ಎಷ್ಟು ಬೇಯಬಹುದು ಎಲ್ಲವೂ ಅದರಲ್ಲೇ ತಿಳಿಯುತ್ತದೆ. ಶೀಟಿನಲ್ಲಿ ಬಹುಪಾಲು ಸಿಮೆಂಟೇ ಇರುವುದು, ಸುಳ್ಳಲ್ಲ. ಆದರೆ ನೂರಕ್ಕೆ ಎಂಟು ಹತ್ತು ಪಾಲು ಬೇರೊಂದು ವಸ್ತು. ಅದರ ಕನ್ನಡ ಹೆಸರು ಕಲ್ನಾರು, ಇಂಗ್ಲಿಷಿನಲ್ಲಿ ಆಸ್ಬೆಸ್ಟಾಸ್.

ಈ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಅವರಿಗೆ ವಸ್ತು ಚೆನ್ನಾಗಿ ಅರ್ಥವಾಗಿತ್ತು. ಕಲ್ಲು, ಅದಕ್ಕೇ ಸುಡುವುದಿಲ್ಲ, ಕೊಳೆಯುವುದಿಲ್ಲ. ನಾರು, ಅದಕ್ಕೇ ಉದ್ದಕ್ಕೆ ಸೀಳುತ್ತಾ ಹೋಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣಗಾಗುವವರೆಗೆ. ಉಸಿರಿನ ಜೊತೆ ಒಳಗೆ ಹೋದರೆ ನಾರಿನ ಹಾಗೆ ಆಳಕ್ಕಿಳಿಯುತ್ತದೆ, ಕಲ್ಲಿನ ಹಾಗೆ ಅಲ್ಲೇ ಕೂರುತ್ತದೆ. ಇದರಿಂದ ಬರುವ ಶ್ವಾಸಕೋಶದ ರೋಗವನ್ನು ಇದಕ್ಕಿಂತ ಚಿಕ್ಕದಾಗಿ ವಿವರಿಸಲು ನನಗೆ ಬರುವುದಿಲ್ಲ. ನಮ್ಮ ಕಾಲದ ಹೈಸ್ಕೂಲಿನಲ್ಲಿ ಬನ್ಸನ್ ಬರ್ನರ್ ಮೇಲಿಡುವ ತಂತಿ ಜಾಲರಿ ಇತ್ತಲ್ಲ, ಮಧ್ಯೆ ಬಿಳಿ ವೃತ್ತ ಇರೋದು, ಆ ಬಿಳಿಯೂ ಕಲ್ನಾರೇ. ಅದನ್ನು ಉಗುರಿನಿಂದ ಕೆರೆದು ಪುಡಿ ಉದುರಿಸುವುದು ನನ್ನ ಹವ್ಯಾಸವಾಗಿತ್ತು. ಇಲ್ಲಿ ಇನ್ನೂ ನಾಲ್ಕು ಜನ ನಗುತ್ತಿದ್ದೀರಿ, ಅಂದರೆ ನಾನೊಬ್ಬನೇ ಅಲ್ಲ.

ಯಾರೂ ಎದ್ದು ಹೊರಗೆ ಓಡಬೇಕಿಲ್ಲ. ಸಿಮೆಂಟಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿರುವ ನಾರು ಸುಮ್ಮನೆ ಗಾಳಿಗೆ ಬರುವುದಿಲ್ಲ. ಕೊಯ್ದಾಗ, ಕೊರೆದಾಗ, ಒಡೆದಾಗ, ಮೇಲಿಂದ ಕೆಳಕ್ಕೆ ಎಸೆದಾಗ ಬರುತ್ತದೆ. ಅಂದರೆ ಅಪಾಯ ಇರುವುದು ಶೀಟಿನ ಕೆಳಗೆ ಕೂತವರಿಗಿಂತ ಹೆಚ್ಚಾಗಿ ಶೀಟು ಮುಟ್ಟುವ ಕೈಗೆ. ಇವತ್ತಿನ ಮಾತು ಆ ಕೈಯ ಬಗ್ಗೆ. ಆ ಕೈಗೆ ಒಂದು ಚೀಟಿ ಬೇಕು, ಸರ್ಕಾರ ಕೊಟ್ಟ ಚೀಟಿ, ಅದಿಲ್ಲದೆ ಮುಟ್ಟುವ ಹಾಗಿಲ್ಲ ಅಂತ ಕೆಲವು ಕಡೆ ಕಾನೂನು ಇದೆ. ನಾನು ಅಂಥ ಒಂದು ಕಡೆ ಒಂಬತ್ತು ವರ್ಷ ಇದ್ದೆ.

ನ್ಯೂಯಾರ್ಕ್ ರಾಜ್ಯದಲ್ಲಿ ಗಾಳಿ ಅಳೆಯುವುದು ನನ್ನ ಕೆಲಸ. ಊರಲ್ಲಿ ಯಾರಾದರೂ ‘ಮಗ ಅಮೆರಿಕದಲ್ಲಿ ಏನು ಮಾಡ್ತಾನೆ’ ಅಂತ ಕೇಳಿದರೆ ಅಮ್ಮ ‘ಇಂಜಿನಿಯರ್’ ಅಂದು ಮಾತು ಮುಗಿಸುತ್ತಿದ್ದರು. ಗಾಳಿ ಅಳೀತಾನೆ ಅಂದರೆ ಯಾರು ಹೆಣ್ಣು ಕೊಡುತ್ತಾರೆ? ಹಳೆ ಕಟ್ಟಡದಲ್ಲಿ ಕಲ್ನಾರು ಕೆರೆದು ತೆಗೆಯುವ ಜಾಗದ ಒಳಗೂ ಹೊರಗೂ ಪಂಪು ಇಟ್ಟು, ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಫಿಲ್ಟರಿನಿಂದ ಗಾಳಿ ಎಳೆದು ಲ್ಯಾಬಿಗೆ ಕಳಿಸುವುದು. ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಬ್ಬರು ಕೂತು ನಾರು ಎಣಿಸುತ್ತಾರೆ. 5 ಮೈಕ್ರಾನಿಗಿಂತ ಉದ್ದ ಇರಬೇಕು, ಉದ್ದ ಅಗಲದ ಮೂರು ಪಟ್ಟಾದರೂ ಇರಬೇಕು, ಆಗ ಲೆಕ್ಕಕ್ಕೆ. ಬತ್ತದಲ್ಲಿ ಕಲ್ಲು ಆರಿಸಿದ ಹಾಗೆ, ಇಲ್ಲಿ ಗಾಳಿಯಲ್ಲಿ.

ನನಗೆ ಕಾರ್ಡು, ಅಂದರೆ ಆ ಚೀಟಿ, ಸಿಗುವ ಮುಂಚೆ ತರಬೇತಿಯಲ್ಲಿ ಮಾಸ್ಕ್ ಪರೀಕ್ಷೆ ಅಂತ ಒಂದಿತ್ತು. ನಮಗೆ ಕೋವಿಡ್ ಕಾಲದಿಂದ ಮಾಸ್ಕ್ ಅಂದರೆ ಕಿವಿಗೆ ಸಿಕ್ಕಿಸುವ ಬಟ್ಟೆ. ಇದು ರಬ್ಬರಿನದು, ಮುಖಕ್ಕೆ ಅಂಟಿ ಕೂರಬೇಕು. ಸರಿಯಾಗಿ ಕೂತಿದೆಯೋ ಇಲ್ಲವೋ ಪತ್ತೆ ಮಾಡುವ ಒಂದು ದಾರಿ ಐಸೋಅಮೈಲ್ ಅಸಿಟೇಟ್ ಎಂಬ ದ್ರವ. ಥೇಟ್ ಬಾಳೆಹಣ್ಣಿನ ವಾಸನೆ. ಮಾಸ್ಕ್ ಹಾಕಿಸಿ ಪ್ಲಾಸ್ಟಿಕ್ ಗುಡಾರದಂಥದ್ದರ ಒಳಗೆ ನಿಲ್ಲಿಸುತ್ತಾರೆ, ಒಳಗೆ ಆ ದ್ರವ ಅದ್ದಿದ ಕಾಗದ ನೇತು ಹಾಕುತ್ತಾರೆ. ಸುಮ್ಮನೆ ಉಸಿರಾಡಿ, ಜೋರಾಗಿ ಉಸಿರಾಡಿ, ತಲೆ ಆ ಕಡೆ ಈ ಕಡೆ ತಿರುಗಿಸಿ, ಮೇಲೆ ಕೆಳಗೆ ನೋಡಿ, ಬಗ್ಗಿ ಏಳಿ, ಮಾತಾಡಿ. ಬಾಳೆಹಣ್ಣು ಮೂಗಿಗೆ ಬಡಿದರೆ ಫೇಲ್. ಮಾತಾಡು ಅಂದಾಗ ಏನು ಮಾತಾಡುವುದು ತೋಚಲಿಲ್ಲ, ಹದಿಮೂರರ ಮಗ್ಗಿ ಕನ್ನಡದಲ್ಲಿ ಹೇಳಿದೆ. ಹದಿಮೂರ್ ಐದ್ಲಿ ಅರವತ್ತೈದು ಅನ್ನುವಾಗ ಗಮ್ಮಂತ ಬಾಳೆಹಣ್ಣು ಬಂತು. ಕಾರಣ ನನ್ನ ಗಡ್ಡ. ಮೂರು ದಿನದ ಕುರುಚಲು ಸಾಕು, ರಬ್ಬರಿನ ಅಂಚು ಎತ್ತಿಕೊಳ್ಳುತ್ತದೆ. ಬೋಳಿಸಿಕೊಂಡು ಬಂದ ಮೇಲೆ ಪಾಸು.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ಈ ವ್ಯವಸ್ಥೆಯ ಬೇರು ಅಲ್ಲಿದೆ. ತರಬೇತಿ ಕಂಪನಿಗಲ್ಲ, ಒಬ್ಬೊಬ್ಬ ಮನುಷ್ಯನಿಗೆ. ಅವನ ಮುಖಕ್ಕೆ, ಅವನ ಗಡ್ಡಕ್ಕೆ, ಅವನ ಹೆಸರಿಗೆ.

ಕಾನೂನಿನ ಕತೆ ಶಾಲೆಗಳಿಂದ ಶುರುವಾಗುತ್ತದೆ. ಅಮೆರಿಕದ ಶಾಲೆಗಳ ಪೈಪುಗಳಿಗೆ, ತಾರಸಿಯ ಒಳಮೈಗೆ, ನೆಲದ ಟೈಲುಗಳಿಗೆ ದಶಕಗಳ ಕಾಲ ಕಲ್ನಾರು ಬಳಸಿದ್ದರು. 1986ರ ಅಕ್ಟೋಬರಿನಲ್ಲಿ ಅಹೇರಾ ಎಂಬ ಕಾಯ್ದೆ ಬಂತು. ಎಲ್ಲ ಶಾಲೆಗಳನ್ನೂ ತಪಾಸಣೆ ಮಾಡಿ, ಎಲ್ಲಿ ಏನಿದೆ ಅಂತ ಬರೆದಿಡಿ, ಮೂರು ವರ್ಷಕ್ಕೊಮ್ಮೆ ಮತ್ತೆ ನೋಡಿ ಅಂದಿತು. ಸರಿ, ನೋಡುವವರು ಯಾರು, ತೆಗೆಯುವವರು ಯಾರು? ರಾತ್ರೋರಾತ್ರಿ ಬೋರ್ಡು ಹಾಕಿಕೊಂಡವರು ಹುಟ್ಟಿಕೊಳ್ಳುತ್ತಾರೆ, ನಮ್ಮಲ್ಲಿ ಬೋರ್‌ವೆಲ್ ಪಾಯಿಂಟ್ ತೋರಿಸುವವರು ಹುಟ್ಟಿಕೊಂಡ ಹಾಗೆ. ಅದಕ್ಕೆ ಕೇಂದ್ರದ ಪರಿಸರ ಸಂಸ್ಥೆ ಒಂದು ಮಾದರಿ ಯೋಜನೆ ಮಾಡಿತು. ಪ್ರತಿ ರಾಜ್ಯವೂ ತನ್ನದೇ ಪ್ರಮಾಣಪತ್ರದ ನಿಯಮ ಮಾಡಿಕೊಳ್ಳಬಹುದು, ಆದರೆ ಅದು ಮಾದರಿಗಿಂತ ಬಿಗಿಯಾಗಿರಬಹುದೇ ಹೊರತು ಸಡಿಲವಾಗಿರುವಂತಿಲ್ಲ. 1990ರಲ್ಲಿ ಶಾಲೆಯಿಂದಾಚೆ ಸಾರ್ವಜನಿಕ, ವಾಣಿಜ್ಯ ಕಟ್ಟಡಗಳಿಗೂ ಇದನ್ನು ಚಾಚಿದರು, 1994ರಲ್ಲಿ ತರಬೇತಿಯ ದಿನಗಳನ್ನು ಹೆಚ್ಚಿಸಿದರು.

ಐದು ಬಗೆಯ ಜನ ಇದರೊಳಗೆ. ಕೈಯಾರೆ ತೆಗೆಯುವ ಕೆಲಸಗಾರ, ಅವನ ಮೇಲ್ವಿಚಾರಕ, ಕಲ್ನಾರು ಎಲ್ಲಿದೆ ಅಂತ ಹುಡುಕುವ ತಪಾಸಕ, ಅದನ್ನು ಏನು ಮಾಡಬೇಕು ಅಂತ ಯೋಜನೆ ಬರೆಯುವವನು, ತೆಗೆಯುವ ಕಾಮಗಾರಿಯ ವಿನ್ಯಾಸ ಮಾಡುವವನು. ಕೆಲಸಗಾರನಿಗೆ 4 ದಿನ, ಅದರಲ್ಲಿ ಕನಿಷ್ಠ 14 ಗಂಟೆ ಕೈಯಲ್ಲಿ ಮಾಡಿ ಕಲಿಯುವುದು. ಮೇಲ್ವಿಚಾರಕನಿಗೆ 5 ದಿನ. ತಪಾಸಕನಿಗೆ 3. ಕೊನೆಗೆ ಪರೀಕ್ಷೆ: ಕೆಲಸಗಾರನಿಗೆ 50 ಪ್ರಶ್ನೆ, ಮೇಲ್ವಿಚಾರಕನಿಗೆ 100, ಪಾಸಾಗಲು ನೂರಕ್ಕೆ 70. ನಮ್ಮ ಕಾಲದ 35ಕ್ಕೆ ದುಪ್ಪಟ್ಟು! ಪ್ರಮಾಣಪತ್ರಕ್ಕೆ ಒಂದೇ ವರ್ಷ ಆಯುಷ್ಯ. ಪ್ರತಿ ವರ್ಷ ಕೆಲಸಗಾರ ಒಂದು ಇಡೀ ದಿನ ಮತ್ತೆ ಕೂತು ಕೇಳಬೇಕು. ಅವಧಿ ಮುಗಿದು ಇನ್ನೂ ಒಂದು ವರ್ಷ ಸುಮ್ಮನಿದ್ದನೋ, ಮೊದಲಿಂದ ನಾಲ್ಕೂ ದಿನ.

ರಾಜ್ಯ ರಾಜ್ಯಕ್ಕೆ ವ್ಯತ್ಯಾಸ ಎಷ್ಟು ಅಂತೀರಿ! ಕೇಂದ್ರದ ಲೆಕ್ಕದಲ್ಲಿ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಇದ್ದರೆ ಅದು ಕಲ್ನಾರು ಇರುವ ವಸ್ತು. ಕ್ಯಾಲಿಫೋರ್ನಿಯಾದ ಕಟ್ಟಡ ಕೆಲಸದ ನಿಯಮದಲ್ಲಿ ಅದರ ಹತ್ತನೇ ಒಂದು ಪಾಲಿಗೇ, ಅಂದರೆ 0.1ಕ್ಕೇ ನೋಂದಣಿಯ ಮಾತು ಬರುತ್ತದೆ. ನ್ಯೂಯಾರ್ಕಿನಲ್ಲಿ ತರಬೇತಿ ಸಂಸ್ಥೆಗೆ ಮಾನ್ಯತೆ ಕೊಡುವುದು ಆರೋಗ್ಯ ಇಲಾಖೆ, ಕಾರ್ಡು ಕೊಡುವುದು ಕಾರ್ಮಿಕ ಇಲಾಖೆ. ಅದರ ನಿಯಮದ ಹೆಸರು ಇಂಡಸ್ಟ್ರಿಯಲ್ ಕೋಡ್ ರೂಲ್ 56. ಸೈಟಿನಲ್ಲಿ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ‘ಫಿಫ್ಟಿ ಸಿಕ್ಸ್’ ಅಂದರೆ ಎಲ್ಲರೂ ನೆಟ್ಟಗಾಗುತ್ತಾರೆ. ನ್ಯೂಯಾರ್ಕ್ ನಗರದ ಒಳಗೆ ಕೆಲಸ ಮಾಡಬೇಕಾದರೆ ರಾಜ್ಯದ ಕಾರ್ಡಿನ ಜೊತೆಗೆ ನಗರದ ಪರಿಸರ ಇಲಾಖೆಯ ಕಾರ್ಡು ಬೇರೆ. ಹಡ್ಸನ್ ನದಿಯ ಆಚೆ ದಡದ ನ್ಯೂಜೆರ್ಸಿಯ ಕಾರ್ಡು ಈಚೆ ದಡದಲ್ಲಿ ನಡೆಯುವುದಿಲ್ಲ. ಆರ್‌ಟಿಒ ಲೈಸೆನ್ಸು ಹೊಸೂರಿಗೆ ಹೋದರೆ ನಡೆಯೋದಿಲ್ಲ ಅಂದ ಹಾಗೆ. ಇದು ಅತಿ ಅಂತ ಆಗ ಬೈದುಕೊಂಡವರಲ್ಲಿ ನಾನೂ ಒಬ್ಬ.

ನನಗೆ ಹಿಡಿಸಿದ ನಿಯಮ ಇನ್ನೊಂದು. ಪ್ಲಂಬರ್, ಎಲೆಕ್ಟ್ರಿಷಿಯನ್ ಇವರು ಕಲ್ನಾರು ತೆಗೆಯುವವರಲ್ಲ, ಆದರೆ ತಮ್ಮ ಕೆಲಸಕ್ಕಾಗಿ ಆ ಜಾಗಕ್ಕೆ ಕಾಲಿಡುತ್ತಾರೆ. ನ್ಯೂಯಾರ್ಕ್ ಅವರಿಗೆ ಅಂತಲೇ ಎರಡು ದಿನದ ತರಬೇತಿಯ ಸೀಮಿತ ಕಾರ್ಡು ಇಟ್ಟಿದೆ. ಕಲ್ನಾರು ಇರುವ ಕಟ್ಟಡದ ಕಸ ಗುಡಿಸುವವರಿಗೂ ಕೇಂದ್ರದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಎರಡು ಗಂಟೆಯ ತಿಳಿವಳಿಕೆ ಪಾಠ ಕಡ್ಡಾಯ. ಪೊರಕೆ ಹಿಡಿದವರಿಗೂ ಎರಡು ಗಂಟೆ!

ಹಾಗಂತ ತೂತಿಲ್ಲದ ಕಾನೂನಲ್ಲ. ತನ್ನ ಸ್ವಂತ ಮನೆಯಲ್ಲಿ ವಾಸವಿರುವ ಮಾಲೀಕ ತಾನೇ ಕೈಯಾರೆ ತೆಗೆದುಕೊಂಡರೆ ಅವನಿಗೆ ಕಾರ್ಡು ಬೇಡ. ಗುತ್ತಿಗೆದಾರನನ್ನು ಕರೆದರೆ ಬೇಕು. ನಾರಿಗೆ ಇದು ಯಾರ ಮನೆ ಅಂತ ಹೇಗೆ ಗೊತ್ತಾಗಬೇಕು?

ಒಂದು ಸೈಟು ತೋರಿಸುತ್ತೇನೆ, ಬನ್ನಿ. ಹಳೆಯ ಶಾಲೆಯ ಬಾಯ್ಲರ್ ರೂಮು. ಕೊರೆಯುವ ಚಳಿ, ಹೊರಗೆ ಹಿಮ. ಗೋಡೆಗೆ, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಎರಡೆರಡು ಪದರ ಹೊದಿಸಿದ್ದಾರೆ. ಒಂದು ಯಂತ್ರ ಒಳಗಿನ ಗಾಳಿಯನ್ನು ಸೋಸಿ ಹೊರಕ್ಕೆ ಎಳೆಯುತ್ತಿರುತ್ತದೆ, ಹಾಗಾಗಿ ಪ್ಲಾಸ್ಟಿಕ್ ಗೋಡೆಗಳು ಒಳಮುಖವಾಗಿ ಹೊಟ್ಟೆ ಬಿಟ್ಟುಕೊಂಡಿರುತ್ತವೆ. ಹಾಗೆ ಒಳಗೆ ಎಳೆದುಕೊಂಡಿದ್ದರೆ ಕೆಲಸ ಸರಿ ನಡೆದಿದೆ ಅಂತ, ಜೋತುಬಿದ್ದಿದ್ದರೆ ಎಲ್ಲೋ ಹರಿದಿದೆ ಅಂತ. ಒಳಗೆ ಹೋಗಲು ಮೂರು ಕೋಣೆ: ಮೊದಲಿನದು ಶುದ್ಧ, ನಡುವೆ ಸ್ನಾನದ್ದು, ಕೊನೆಯದು ಕೊಳಕು. ಹೋಗುವಾಗ ಮನೆಯ ಬಟ್ಟೆ ಪೂರಾ ಬಿಚ್ಚಿ ಕಾಗದದಂಥ ಉಡುಪು ಹಾಕಬೇಕು. ಬರುವಾಗ ಉಡುಪನ್ನು ಕೊಳಕು ಕೋಣೆಯಲ್ಲೇ ಬಿಟ್ಟು, ಮಾಸ್ಕ್ ಹಾಕಿಕೊಂಡೇ ಷವರಿನ ಕೆಳಗೆ ನಿಂತು, ತಲೆ ನೆನೆದ ಮೇಲೆ ಮಾಸ್ಕ್ ತೆಗೆಯಬೇಕು. ಪೈಪಿನ ಮೇಲಿನ ಹೊದಿಕೆಯನ್ನು ಸೋಪಿನಂಥದ್ದು ಬೆರೆಸಿದ ನೀರಿನಿಂದ ಚೆನ್ನಾಗಿ ನೆನೆಸಿ, ಕೆರೆದು, ನೆಲಕ್ಕೆ ಬೀಳಲು ಬಿಡದೆ ಚೀಲಕ್ಕೆ. ಆ ಚೀಲಕ್ಕೆ ಇನ್ನೊಂದು ಚೀಲ. ಎಲ್ಲ ಮುಗಿದ ಮೇಲೆ ನಾನು ಒಳಗೆ ಹೋಗಿ ಎಲೆ ಊದುವ ಬ್ಲೋಯರ್ ಹಿಡಿದು ಮೂಲೆ ಮೂಲೆಗೂ ಗಾಳಿ ಊದಿ ಧೂಳೆಬ್ಬಿಸಿ, ಆಗ ಅಳೆಯುತ್ತಿದ್ದೆ. ಹೇಗಿದ್ದರೂ ಏಳುವ ಧೂಳು ಈಗಲೇ ಏಳಲಿ ಅಂತ.

ಅವತ್ತು ಏಳು ಜನ ಇದ್ದರು. ಬಹುಪಾಲು ಎಕ್ವಡಾರಿನವರು, ಇಬ್ಬರು ಪೋಲೆಂಡಿನವರು. ಅಲ್ಲಿ ಈ ಕೆಲಸಕ್ಕೆ ಬರುವವರು ಹೆಚ್ಚಾಗಿ ವಲಸಿಗರು, ಅದಕ್ಕೇ ತರಗತಿಗಳು ಸ್ಪ್ಯಾನಿಷ್‌ನಲ್ಲೂ ಪೋಲಿಷ್‌ನಲ್ಲೂ ನಡೆಯುತ್ತವೆ. ಮೇಲ್ವಿಚಾರಕ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಾರ್ಡು ನೋಡಿ ದಿನಚರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ: ಹೆಸರು, ಕಾರ್ಡಿನ ಸಂಖ್ಯೆ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು. ಒಬ್ಬನ ಕಾರ್ಡು ಎರಡು ದಿನದ ಹಿಂದೆ ಮುಗಿದಿತ್ತು. ಹತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದ ಮನುಷ್ಯ, ಮೇಲ್ವಿಚಾರಕನಿಗೇ ಕೆಲಸ ಕಲಿಸಿದವನು. ವಾಪಸ್ ಕಳಿಸಿದರು. ದಿನದ ಕೂಲಿ ಹೋಯಿತು. ಅವನು ಹಿಮದಲ್ಲಿ ನಡೆದು ಹೋದದ್ದನ್ನು ಕಂಡು ನನಗೆ ಸಿಟ್ಟು ಬಂತು. ಎರಡು ದಿನದಲ್ಲಿ ಅವನ ಕೈ ಕೆಲಸ ಮರೆತುಹೋಯಿತೇ?

ಈ ಸಿಟ್ಟು ಇಳಿಯಲು ನನಗೆ ಬಹಳ ಕಾಲ ಬೇಕಾಯಿತು. ಇಳಿಸಿದ್ದು ಒಂದು ಹಳೇ ಕತೆ.

1960ರ ದಶಕದ ಆರಂಭ. ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ಇರ್ವಿಂಗ್ ಸೆಲಿಕಾಫ್ ಎಂಬ ವೈದ್ಯ. ಪೈಪುಗಳಿಗೆ ಕಲ್ನಾರು ಹೊದಿಸುವ ಕೆಲಸಗಾರರು ಯಾಕೆ ಹೀಗೆ ಸಾಯುತ್ತಿದ್ದಾರೆ ಅನ್ನುವ ಪ್ರಶ್ನೆ ಅವರಿಗೆ. ಉತ್ತರ ಹುಡುಕಲು ಕಾರ್ಖಾನೆಗಳ ಬಾಗಿಲು ತಟ್ಟಿದರೆ ದಾಖಲೆ ಸಿಗುವ ಕಾಲವಲ್ಲ. ಅವರಿಗೆ ನೆರವಾದದ್ದು ಕಾರ್ಮಿಕ ಸಂಘದ ಸದಸ್ಯರ ಪಟ್ಟಿ. ಸಂಘ ಚಂದಾ ವಸೂಲಿಗೆ ಅಂತ ಇಟ್ಟುಕೊಂಡ ಲೆಡ್ಜರು, ರೋಗಕ್ಕೂ ಅದಕ್ಕೂ ಸಂಬಂಧವಿಲ್ಲ. 1942ರ ಕೊನೆಗೆ ಅದರಲ್ಲಿದ್ದ 632 ಹೆಸರುಗಳನ್ನು ಹಿಡಿದು, ಇವರೆಲ್ಲ 1962ರ ಹೊತ್ತಿಗೆ ಏನಾದರು ಅಂತ ಒಬ್ಬೊಬ್ಬರನ್ನೇ ಹುಡುಕಿದರು. ಶ್ವಾಸಕೋಶ ಅಥವಾ ಅದರ ಹೊದಿಕೆಯ ಕ್ಯಾನ್ಸರಿನಿಂದ ಸತ್ತವರು 45. ಅದೇ ವಯಸ್ಸಿನ ಸಾಮಾನ್ಯ ಜನರ ಲೆಕ್ಕದಲ್ಲಿ ಆ ಸಂಖ್ಯೆ ಏಳರ ಒಳಗಿರಬೇಕಿತ್ತು. 1964ರಲ್ಲಿ ಇದು ಪ್ರಕಟವಾದ ಮೇಲೆ ‘ಕಲ್ನಾರಿನಿಂದ ಏನೂ ಆಗಲ್ಲ’ ಅನ್ನುವವರ ದನಿ ಮೊದಲಿನಷ್ಟು ಗಟ್ಟಿ ಉಳಿಯಲಿಲ್ಲ.

ಯೋಚಿಸಿ. ಈ ರೋಗಗಳು ಬರುವುದು 20, 30, ಕೆಲವು ಸಲ 40 ವರ್ಷದ ಮೇಲೆ. ಇವತ್ತು ಉಸಿರಾಡಿದ್ದಕ್ಕೆ ಇವತ್ತು ಕೆಮ್ಮು ಬರುವುದಿಲ್ಲ, ಕಣ್ಣು ಉರಿಯುವುದಿಲ್ಲ. ಅರವತ್ತರ ವಯಸ್ಸಿನಲ್ಲಿ ಎದೆಗೆ ನೀರು ತುಂಬಿಕೊಂಡಾಗ ಆ ಮನುಷ್ಯನಿಗೆ ಇಪ್ಪತ್ತೈದರಲ್ಲಿ ಯಾವ ಕಟ್ಟಡದಲ್ಲಿ ಏನು ಕೆರೆದೆ ಅನ್ನುವುದು ನೆನಪಿರುತ್ತದೆಯೇ? ಮೇಸ್ತ್ರಿ ಸತ್ತಿರುತ್ತಾನೆ, ಕಂಪನಿ ಮುಚ್ಚಿರುತ್ತದೆ, ಕಟ್ಟಡವೂ ಇರುವುದಿಲ್ಲ. ಉಳಿಯುವುದು ಎಲ್ಲೋ ಬರೆದ ಹೆಸರು ಮಾತ್ರ. ಆ 632 ಜನರ ಹೆಸರು ಲೆಡ್ಜರಿನಲ್ಲಿ ಇಲ್ಲದಿದ್ದರೆ ಆ 45 ಸಾವು ಬೀಡಿ ಸೇದಿ ಸತ್ತವರ ಲೆಕ್ಕಕ್ಕೆ ಹೋಗುತ್ತಿತ್ತು. ಆ ಹಿಮದ ದಿನ ಬಾಗಿಲಲ್ಲಿ ಕಾರ್ಡಿನ ಸಂಖ್ಯೆ ಬರೆದುಕೊಳ್ಳುತ್ತಿದ್ದ ಪುಸ್ತಕ ಅಂಥದ್ದೇ ಇನ್ನೊಂದು ಲೆಡ್ಜರು ಅಂತ ಆಮೇಲೆ ಹೊಳೆಯಿತು.

ಆದರೆ ಇಲ್ಲೇ ನನಗೆ ಆ ಕಾನೂನಿನ ಮೇಲೊಂದು ಜಗಳವೂ ಇದೆ. ಗಾಳಿ ಅಳೆದ ದಾಖಲೆಯನ್ನು ಕೆಲಸ ಕೊಟ್ಟ ಮಾಲೀಕ 30 ವರ್ಷ ಇಡಬೇಕು. ಕೆಲಸಗಾರನ ವೈದ್ಯಕೀಯ ದಾಖಲೆಯನ್ನು ಅವನು ಕೆಲಸದಲ್ಲಿ ಇರುವಷ್ಟು ಕಾಲ ಮತ್ತು ಆಮೇಲೆ 30 ವರ್ಷ. ಸರಿ. ತರಬೇತಿಯ ದಾಖಲೆ? ಕೆಲಸ ಬಿಟ್ಟ ಮೇಲೆ ಒಂದೇ ವರ್ಷ. ಇವನು ಕಲ್ನಾರಿನ ಕೆಲಸಗಾರ ಅಂತ ಹೇಳುವ ಅತಿ ಸರಳ ಸಾಕ್ಷಿಯೇ ಎಲ್ಲಕ್ಕಿಂತ ಮೊದಲು ಕಸದ ಬುಟ್ಟಿ ಸೇರಬಹುದು. ಬರೆದವರ ಕೈ ಅಲ್ಲಿ ಯಾಕೆ ಹಿಂದೆ ಸರಿಯಿತೋ ನನಗೆ ಅರ್ಥವಾಗಿಲ್ಲ.

ಇನ್ನು, ಕಾರ್ಡು ಅಂದ ಮೇಲೆ ನಕಲಿ ಕಾರ್ಡು ಇರಲೇಬೇಕಲ್ಲ. ನಾವಷ್ಟೇ ಜಾಣರು ಅಂದುಕೊಳ್ಳಬೇಡಿ. ಮ್ಯಾಸಚೂಸೆಟ್ಸ್ ರಾಜ್ಯದ ಒಂದು ದೊಡ್ಡ ತರಬೇತಿ ಶಾಲೆಯ ಒಡತಿ, ತರಗತಿಗೆ ಬಾರದ ಸಾವಿರಾರು ಜನರಿಗೆ ಪ್ರಮಾಣಪತ್ರ ಮಾರಿದ್ದಕ್ಕೆ 2008ರಲ್ಲಿ ಅಪರಾಧಿ ಅಂತ ತೀರ್ಪಾಯಿತು. ಶಿಕ್ಷೆ ಹೇಳುವ ಮೊದಲೇ ಪರಾರಿ. 2010ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಸಿಕ್ಕಿಬಿದ್ದಳು. ಅದಕ್ಕಿಂತ ಘೋರವಾದದ್ದು ನ್ಯೂಯಾರ್ಕಿನದೇ. ತಂದೆ ಮಗ ಸೇರಿ ಕಲ್ನಾರು ತೆಗೆಯುವ ಕಂಪನಿ ನಡೆಸುತ್ತಿದ್ದರು. ಕೆಲಸ ಸರಿಯಾಗಿದೆಯೋ ಇಲ್ಲವೋ ಅಂತ ಗಾಳಿ ಅಳೆಯುವ ಲ್ಯಾಬು ಬೇರೆಯವರದ್ದಿರಬೇಕು ಅನ್ನುವುದು ನಿಯಮ. ಕಾಗದದಲ್ಲಿ ಬೇರೆಯವರದೇ ಇತ್ತು. ಒಳಗೊಳಗೆ ಲ್ಯಾಬಿನ ಒಡೆತನದಲ್ಲಿ ಮಗನಿಗೂ ಪಾಲು. ಕಲ್ನಾರನ್ನು ಒಣಗಿದಂತೆಯೇ ಕಿತ್ತು ಹಾಕುವುದು, ಲ್ಯಾಬಿನಿಂದ ‘ಗಾಳಿ ಶುದ್ಧ’ ಅಂತ ವರದಿ. ಹತ್ತು ವರ್ಷ ಹೀಗೆ ನಡೆಯಿತು, ಶಾಲೆ, ಆಸ್ಪತ್ರೆ, ಮನೆ ಎಲ್ಲ ಕಡೆ. 2004ರಲ್ಲಿ ಸಿರಾಕ್ಯೂಸಿನ ನ್ಯಾಯಾಲಯ ಮಗನಿಗೆ 25 ವರ್ಷ, ತಂದೆಗೆ 19 ವರ್ಷದ ಮೇಲೆ ಜೈಲು ಕೊಟ್ಟಿತು.

ಈ ಮೊಕದ್ದಮೆಯ ಮೇಲೆ ನಾವು ಗಾಳಿ ಅಳೆಯುವವರ ಬೆಲೆ ಒಂದು ಕೂದಲೆಳೆ ಏರಿತು ಅನ್ನಿ. ತೆಗೆಯುವವನ ಹತ್ತಿರ ಅಳೆಯುವವನು ಚಹಾ ಕೂಡ ಕುಡಿಯಬಾರದು ಅಂತ ನಮ್ಮ ಮೇಲಿನವರು ಗದರುತ್ತಿದ್ದರು. ಕುಡಿಯುತ್ತಿದ್ದೆವು, ಆ ಚಳಿಗೆ ಯಾರು ಬಿಡುತ್ತಾರೆ.

ಇನ್ನು ನಮ್ಮ ಕಡೆ ಬರೋಣ. ಲೆಕ್ಕವೊಂದನ್ನು ಬೋರ್ಡಿನ ಮೇಲೆ ಹಾಕುತ್ತೇನೆ. ಅಮೆರಿಕದಲ್ಲಿ ಕೆಲಸಗಾರ ಉಸಿರಾಡುವ ಗಾಳಿಯಲ್ಲಿ ಎಂಟು ಗಂಟೆಯ ಸರಾಸರಿಗೆ ಒಂದು ಘನ ಸೆಂಟಿಮೀಟರಿಗೆ 0.1 ನಾರು ಮಿತಿ. ನಮ್ಮಲ್ಲಿ ಬಿಳಿ ಕಲ್ನಾರಿಗೆ, ಅಂದರೆ ಶೀಟಿಗೆ ಹಾಕುವ ಕ್ರೈಸೋಟೈಲಿಗೆ, 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿ ಹೇಳುತ್ತಾ ಬಂದದ್ದು 1 ನಾರು. ಮೈಮುರಿದು ದುಡಿಯುವ ಮನುಷ್ಯ ಎಂಟು ಗಂಟೆಯಲ್ಲಿ ಸುಮಾರು 10 ಘನ ಮೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಅಂದರೆ ಒಂದು ಕೋಟಿ ಘನ ಸೆಂಟಿಮೀಟರ್. ಅವರ ಮಿತಿಯಲ್ಲಿ ದಿನಕ್ಕೆ 10 ಲಕ್ಷ ನಾರು ಕಾನೂನುಬದ್ಧ, ನಮ್ಮ ಮಿತಿಯಲ್ಲಿ ಒಂದು ಕೋಟಿ. ಸೊನ್ನೆ ಕಂಡುಹಿಡಿದವರು ನಾವು, ಒಂದು ಸೊನ್ನೆ ಜಾಸ್ತಿ ಹಾಕಿಕೊಂಡಿದ್ದೇವೆ. ಅವರ ಹತ್ತು ಲಕ್ಷವನ್ನು ಕೇಳಿಯೂ ನೀವು ಬೆಚ್ಚಬೇಕು.

ನಮ್ಮಲ್ಲಿ ಕಾನೂನೇ ಇಲ್ಲ ಅನ್ನುವುದು ತಪ್ಪು. ಅಹಮದಾಬಾದಿನ ಕನ್ಸ್ಯೂಮರ್ ಎಜುಕೇಷನ್ ಅಂಡ್ ರಿಸರ್ಚ್ ಸೆಂಟರ್ ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1995ರ ಜನವರಿ 27ರಂದು ಕೊಟ್ಟ ತೀರ್ಪನ್ನು ಸಿವಿಲ್ ಓದುವ ಪ್ರತಿ ಹುಡುಗನೂ ಓದಬೇಕು. ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಅಂತ ನ್ಯಾಯಾಲಯ ಹೇಳಿತು. ಕಲ್ನಾರಿನ ಕಾರ್ಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕು ಅಂದಿತು. ನೋಡಿ, 40 ವರ್ಷ! ರೋಗದ ನಿಧಾನವನ್ನು ಅರ್ಥ ಮಾಡಿಕೊಂಡು ಬರೆದ ಸಂಖ್ಯೆ ಅದು. ಅಮೆರಿಕದವರ ತರಬೇತಿ ದಾಖಲೆಯ ಒಂದು ವರ್ಷಕ್ಕಿಂತ ಎಷ್ಟೋ ವಿವೇಕದ್ದು.

ಆದರೆ ಅದು ಕಾರ್ಖಾನೆಯ ಗೇಟಿನ ಒಳಗೆ ಇರುವವನಿಗೆ. ಶೀಟು ಲಾರಿ ಹತ್ತಿ ಗೇಟು ದಾಟಿತೋ, ಆಮೇಲೆ ಅದನ್ನು ಗ್ರೈಂಡರಿನಲ್ಲಿ ಕೊಯ್ಯುವ, ಜೆ ಬೋಲ್ಟಿಗೆ ತೂತು ಕೊರೆಯುವ, ಮೂವತ್ತು ವರ್ಷದ ಮೇಲೆ ಸುತ್ತಿಗೆಯಲ್ಲಿ ಒಡೆದು ಕೆಡಹುವ ಮನುಷ್ಯನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಶೀಟನ್ನು ಸುರಕ್ಷಿತವಾಗಿ ಹೇಗೆ ಬಳಸಬೇಕು ಎನ್ನುವುದಕ್ಕೆ ಭಾರತೀಯ ಮಾನಕ ಬ್ಯೂರೋದ ಮಾರ್ಗಸೂಚಿ ಇದೆ, ಐಎಸ್ 11769. ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಒಬ್ಬರೂ ಕೈ ಎತ್ತಲಿಲ್ಲ, ನಾನೂ ಅಲ್ಲಿಂದ ಬಂದ ಮೇಲೇ ನೋಡಿದ್ದು. ಶೀಟು ಇಳಿಸುವವನಿಗೆ ಇಷ್ಟು ದಿನದ ತರಬೇತಿ, ಇಂಥ ಪರೀಕ್ಷೆ, ಈ ಕಾರ್ಡು ಅನ್ನುವುದು ಮಾತ್ರ ನಮ್ಮಲ್ಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 162ನೇ ಒಪ್ಪಂದದಲ್ಲಿ, ಕಟ್ಟಡದಿಂದ ಕಲ್ನಾರು ತೆಗೆಯುವ ಕೆಲಸವನ್ನು ಸರ್ಕಾರ ಅರ್ಹರೆಂದು ಗುರುತಿಸಿದ ಗುತ್ತಿಗೆದಾರರಿಂದಲೇ ಮಾಡಿಸಬೇಕು ಎಂಬ ವಿಧಿ ಇದೆ. ಅದೂ 1986ರದ್ದೇ. ಭಾರತ ಅದಕ್ಕೆ ಸಹಿ ಹಾಕಿ ಒಪ್ಪಿಕೊಂಡಿಲ್ಲ.

2006ರಲ್ಲಿ ಕ್ಲೆಮನ್ಸೋ ಅನ್ನುವ ಫ್ರಾನ್ಸಿನ ಹಳೆಯ ಯುದ್ಧನೌಕೆ ಕಲ್ನಾರು ತುಂಬಿಕೊಂಡು ಗುಜರಾತಿನ ಅಲಂಗ್‌ಗೆ ಒಡೆಸಿಕೊಳ್ಳಲು ಬರುತ್ತಿದ್ದಾಗ ಇಡೀ ದೇಶ ಗದ್ದಲ ಎಬ್ಬಿಸಿತು, ಹಡಗು ವಾಪಸ್ ಹೋಯಿತು. ಒಳ್ಳೆಯದೇ ಆಯಿತು. ಅದೇ ಹೊತ್ತಿಗೆ ಶೀಟು ಮಾಡಲು ಲಕ್ಷಾಂತರ ಟನ್ ಕಲ್ನಾರು ನಮ್ಮ ಬಂದರುಗಳಿಗೆ ಮೂಟೆಯಲ್ಲಿ ಬಂದಿಳಿಯುತ್ತಿತ್ತು. ಈಗಲೂ ಇಳಿಯುತ್ತಿದೆ. ಅಮೆರಿಕ ಕ್ರೈಸೋಟೈಲಿಗೆ ನಿಷೇಧದ ನಿಯಮ ತಂದದ್ದೇ 2024ರಲ್ಲಿ, ಅವರನ್ನು ತೀರಾ ಹೊಗಳುವುದೂ ಬೇಡ. ಆದರೆ ನಿಷೇಧ ಬರುವ ಸುಮಾರು ನಲವತ್ತು ವರ್ಷ ಮುಂಚೆಯೇ ಅವರು ಕೈಗಳಿಗೆ ಚೀಟಿ ಕೊಡಲು ಶುರು ಮಾಡಿದ್ದರು. ಇರುವ ಶೀಟು ಹೇಗಿದ್ದರೂ ಒಂದು ದಿನ ಇಳಿಯಲೇಬೇಕು. ನಮ್ಮಲ್ಲಿ ನಾಳೆಯೇ ನಿಷೇಧವಾದರೂ ಇಳಿಸುವ ಕೆಲಸ ಇನ್ನೂ ಐವತ್ತು ವರ್ಷ ಇರುತ್ತದೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

*

ಹಿಂದಿನ ಸಾಲಿನಿಂದ ಒಬ್ಬ ಗುತ್ತಿಗೆದಾರರು ಎದ್ದರು. ‘ಸಾರ್, ಕಾರ್ಡು ಗೀರ್ಡು ಬರೋವಾಗ ಬರಲಿ. ಸೋಮವಾರ ನಂದೊಂದು ಕೆಲಸ ಇದೆ. ಹಳೇ ರೈಸ್ ಮಿಲ್ಲು, ಅರವತ್ತು ಶೀಟು ಇಳಿಸಬೇಕು. ಏನು ಮಾಡ್ಲಿ ಹೇಳಿ.’

ಆ ಸಂಜೆಯ ಅತ್ಯುತ್ತಮ ಪ್ರಶ್ನೆ ಅದು. ಹೇಳಿದೆ. ಭಾನುವಾರ ಸಂಜೆಯೂ ಸೋಮವಾರ ಬೆಳಿಗ್ಗೆಯೂ ಶೀಟಿಗೆ ಚೆನ್ನಾಗಿ ನೀರು ಹೊಡೆಯಿರಿ, ಸ್ವಲ್ಪ ಸೋಪಿನ ಪುಡಿ ಬೆರೆಸಿ, ಪಾಚಿ ಇದ್ದರೆ ಜಾರುತ್ತದೆ, ಹಲಗೆ ಹಾಕಿಕೊಂಡೇ ಹತ್ತಿ, ಸೊಂಟಕ್ಕೆ ಹಗ್ಗ ಇರಲಿ. ಕಲ್ನಾರು ಮೂವತ್ತು ವರ್ಷಕ್ಕೆ ಕೊಂದರೆ ಜಾರಿದ ಕಾಲು ಮೂರು ಸೆಕೆಂಡಿಗೆ ಕೊಲ್ಲುತ್ತದೆ. ಬೋಲ್ಟು ತುಕ್ಕು ಹಿಡಿದಿದ್ದರೆ ಬೋಲ್ಟನ್ನು ಕತ್ತರಿಸಿ, ಶೀಟನ್ನು ಒಡೆಯಬೇಡಿ. ಗ್ರೈಂಡರನ್ನು ಮೇಲಕ್ಕೆ ಒಯ್ಯಲೇ ಬಾರದು. ಎಸೆಯಬೇಡಿ, ಹಗ್ಗ ಕಟ್ಟಿ ಇಳಿಸಿ, ಟಾರ್ಪಾಲಿನಲ್ಲಿ ಸುತ್ತಿ. ಚೂರುಗಳನ್ನು ಕೊಟ್ಟಿಗೆ ದಾರಿಗೆ ಹಾಸಲು ಯಾರಿಗೂ ಕೊಡಬೇಡಿ, ಎಲ್ಲಿಗೆ ಕಳಿಸಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಬಟ್ಟೆ ಮಾಸ್ಕ್ ಆಗುವುದಿಲ್ಲ. ಮುಖಕ್ಕೆ ಅಂಟಿ ಕೂರುವ, ಪಿ3 ಫಿಲ್ಟರು ಹಾಕುವ ರಬ್ಬರ್ ಮಾಸ್ಕ್ ಪೇಟೆಯಲ್ಲಿ ಸಿಗುತ್ತದೆ. ಹಾಕಿಕೊಳ್ಳುವವರು ಅವತ್ತು ಗಡ್ಡ ಬೋಳಿಸಿಕೊಂಡು ಬರಲಿ. ಕೆಲಸದ ಬಟ್ಟೆ ಮನೆಗೆ ಒಯ್ಯಬಾರದು. ಗಂಡನ ಬಟ್ಟೆ ಕೊಡವಿ ಒಗೆದ ಹೆಂಗಸರಿಗೇ ರೋಗ ಬಂದದ್ದಿದೆ.

ಅವರು ತಲೆಯಾಡಿಸುತ್ತಾ ಮೊಬೈಲಿನಲ್ಲಿ ಟೈಪ್ ಮಾಡಿಕೊಳ್ಳುತ್ತಿದ್ದರು. ಕೊನೆಯದಾಗಿ ಒಂದು ನೋಟ್ ಪುಸ್ತಕ ತಗೊಳ್ಳಿ, ತಾರೀಖು, ಜಾಗ, ಮೇಲೆ ಹತ್ತಿದವರ ಪೂರ್ತಿ ಹೆಸರು, ಊರು ಬರೆದಿಡಿ ಅಂದೆ. ಈಗಲೇ ಶುರು ಮಾಡೋಣ, ಸೋಮವಾರ ಯಾರ್ಯಾರು ಬರುತ್ತಾರೆ ಹೇಳಿ ಅಂತ ಚಾಕ್‌ಪೀಸ್ ಹಿಡಿದು ಬೋರ್ಡಿನ ಹತ್ತಿರ ಹೋದೆ.

‘ಐದು ಜನ ಸಾರ್. ಒಬ್ಬ ನಮ್ಮ ಬಾಮೈದ. ಇನ್ನೊಬ್ಬನಿಗೆ ಕುಳ್ಳ ಅಂತೀವಿ.’ ಸ್ವಲ್ಪ ಹೊತ್ತು ಯೋಚಿಸಿದರು. ‘ಉಳಿದ ಮೂರು ಜನ ರಾಯಚೂರು ಕಡೆಯವರು. ಸರ್ಕಲ್‌ನಲ್ಲಿ ನಿಂತಿರ್ತಾರಲ್ಲ, ಬೆಳಿಗ್ಗೆ ಹೋಗಿ ಕರ್ಕೊಂಡು ಬರೋದು. ಯಾರು ಸಿಗ್ತಾರೋ ಅವರು.’